ಲಕ್ಕಪ್ಪನಿಗಾಗಿ ಅಳುವವರು ಬೇಕಾಗಿದ್ದಾರೆ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಬಗ್ಗೆ ನನಗೂ ಕಥೆಗೂ ಬಹಳ ದಿನದಿಂದ ಜಗಳ ನಡೆದಿದೆ. ನಾನು ಗುಡ್ಡದಿಂದ ಎನ್ನುತ್ತೇನೆ, ಅದು ಹೊಳೆಯಿಂದ ಎನ್ನುತ್ತದೆ. ಸರಿ ಹೊಳೆಯಿಂದಲೇ ಬಾ ಎಂದರೆ ಮುಖ ತಿರುಗಿಸಿ ಕೂರುತ್ತದೆ. ಉಳಿದ ಲೇಖಕರ ಕಥೆಗಳು ಹೇಳಿದ ಹಾಗೆ ಕೇಳುತ್ತವೆ ಎಂದು ಕೇಳಿದ್ದೇನೆ. ನನ್ನ ಪಾಲಿಗೆ ಬಂದವೆಲ್ಲ ಇಂಥವೇ.

ವಿಷಯ ಮಾತ್ರ ಸರಳವಾಗಿದೆ. ಇದು ಒಂದು ಸಿನಿಮಾದ ಕಥೆ. ಆ ಸಿನಿಮಾ ಒಂದು ಕಾದಂಬರಿಯಿಂದ ಹುಟ್ಟಿದ್ದು. ಕಾದಂಬರಿ ಯುದ್ಧದ್ದು, ಓದುವವರು ಮೀಸೆ ಚಿಗುರುವ ವಯಸ್ಸಿನ ಹುಡುಗರು. ಯುದ್ಧವೆಂದ ಮೇಲೆ ಸದ್ದಿನಿಂದ ಶುರುವಾಗಬೇಕಲ್ಲವೇ? ಹಾಗೇ ಶುರು ಮಾಡಿದೆ.

೧

ಢಂ! ಬಸ್ರಾದ ಮರಳಿನ ಮೇಲೆ ತೋಪಿನ ಗುಂಡು ಬಿದ್ದು ಆಕಾಶವೆಲ್ಲ ಕೆಂಪಾಯಿತು. ಹದಿನಾರು ವರ್ಷದ ಹಣಮಂತ ತನ್ನ ಹೇಸರಗತ್ತೆಯ ಕೊರಳು ತಬ್ಬಿಕೊಂಡು, 'ಹೆದರಬ್ಯಾಡ, ನಾ ಅದೇನಿ' ಎಂದ.

(ಬಿಟ್ಟೆ. ನಕಾಶೆಯಲ್ಲಿ ಬಸ್ರಾ ತೋರಿಸು ಎಂದರೆ ನನ್ನ ಬೆರಳು ಎರಡು ದೇಶ ತಪ್ಪಿ ಬೀಳುತ್ತದೆ. ತೋಪಿನ ಸದ್ದು ಕೇಳಿದ್ದು ಸಿನಿಮಾದಲ್ಲಿ ಮಾತ್ರ. ಹೇಸರಗತ್ತೆಯ ಕೊರಳನ್ನಂತೂ ಇವತ್ತಿನವರೆಗೆ ತಬ್ಬಿಲ್ಲ.)

೧, ಇನ್ನೊಮ್ಮೆ

೧೯೪೬ರ ಚಳಿ ಇಳಿಯುವ ಹೊತ್ತಿಗೆ ಕೊಲ್ಲಾಪುರದ ಕಡೆಯಿಂದ ಒಂದು ಸಿನಿಮಾ ಕಂಪನಿ ಗೋಕಾಕಕ್ಕೆ ಬಂತು.

ಇದು ಪರವಾಗಿಲ್ಲ. ವಿಮರ್ಶಕ ಗೆಳೆಯರು ತೀರಾ ಸಾದಾ ಆಯಿತು ಎನ್ನಬಹುದು. ಅವರು ಅನ್ನುವ ಮೊದಲೇ ಮುಂದೆ ಹೋಗೋಣ.

೨

ಕಾದಂಬರಿಯ ಹೆಸರು 'ದಂಡಿಗೆ ಹೋದ ಹಣಮಂತ'. ಬರೆದವರು ಹುಕ್ಕೇರಿಯ ದುಂಡಪ್ಪ ಮಾಸ್ತರರು. ಕರಿ ಟೊಪ್ಪಿಗೆ, ಉದ್ದ ಕೋಟು, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ಮಹಾಯುದ್ಧಕ್ಕೆ ಹೋಗಿ ತಿರುಗಿ ಬಾರದ ತಮ್ಮ ಬಾಲ್ಯದ ಗೆಳೆಯನ ಹೆಸರನ್ನೇ ನಾಯಕನಿಗೆ ಇಟ್ಟು, ಹುಡುಗರಿಗೆ ತಿಳಿಯುವ ಹಾಗೆ ಬರೆದಿದ್ದರು. ಘಟಪ್ರಭೆಯ ದಂಡೆಯ ಹುಡುಗನೊಬ್ಬ ವಯಸ್ಸು ಸುಳ್ಳು ಹೇಳಿ ದಂಡಿಗೆ ಭರ್ತಿಯಾಗುತ್ತಾನೆ. ಹೇಸರಗತ್ತೆ ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಗಾಯಗೊಂಡವರಿಗೆ ನೀರು ಒಯ್ಯುವಾಗ ಗುಂಡು ತಗಲಿ ಸಾಯುತ್ತಾನೆ. ಕೊನೆಯ ಪುಟದಲ್ಲಿ ಹೇಸರಗತ್ತೆಯೊಂದೇ ಡೇರೆಗೆ ವಾಪಸು ಬರುತ್ತದೆ. ಆ ಪುಟ ಓದಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತ ಹುಡುಗರು ಅಳುತ್ತಿದ್ದರಂತೆ. ಕೆಲವರು ಹೇಸರಗತ್ತೆಗಾಗಿ ಅಳುತ್ತಿದ್ದರು. ಅದು ಮಾಸ್ತರರಿಗೆ ಸೇರುತ್ತಿರಲಿಲ್ಲ.

ಸಿನಿಮಾ ಮಾಡಲು ಬಂದ ಡೈರೆಕ್ಟರ್ ಕೇದಾರಿ. ದಪ್ಪ ಧ್ವನಿ, ಮೆತ್ತನೆಯ ಮನಸ್ಸು. ಬೆಳಿಗ್ಗೆಯೆಲ್ಲ ಎಲ್ಲರನ್ನೂ ಬಯ್ಯುವುದು, ಮಧ್ಯಾಹ್ನ ಬೈಸಿಕೊಂಡವರು ಹೊಟ್ಟೆತುಂಬ ಉಂಡರೋ ಇಲ್ಲವೋ ಎಂದು ಪಂಕ್ತಿಯ ನಡುವೆ ತಾನೇ ಓಡಾಡುವುದು, ಇದು ಅವನ ದಿನಚರಿ. ಬಸ್ರಾಕ್ಕೆ ಹೋಗುವ ಶಕ್ತಿ ಕಂಪನಿಗಿರಲಿಲ್ಲ. ಗೋಕಾಕ ನೋಡಿದ ಮೇಲೆ ಹೋಗುವ ಅಗತ್ಯವೂ ಇಲ್ಲ ಎಂದು ಕೇದಾರಿ ತೀರ್ಮಾನಿಸಿದ. ಗುಡ್ಡದ ಬೋಳು ಕಲ್ಲು ಅರಬಸ್ತಾನವಾಯಿತು. ಮಸಗುಪ್ಪಿಯ ಹಳ್ಳದ ಈಚಲ ಗಿಡಗಳು ಖರ್ಜೂರದ ತೋಪಾದವು. ಮಸಗುಪ್ಪಿಯ ರೈತರು ಬೆಳಿಗ್ಗೆ ಸರಕಾರದ ಸಿಪಾಯಿಗಳಾಗಿ ಓಡಿ, ರೊಟ್ಟಿ ಉಂಡು, ರುಮಾಲನ್ನು ಬೇರೆ ತರಹ ಸುತ್ತಿಕೊಂಡು, ಮಧ್ಯಾಹ್ನ ತುರ್ಕರಾಗಿ ತಮ್ಮನ್ನು ತಾವೇ ಬೆನ್ನಟ್ಟುತ್ತಿದ್ದರು. ರಾಚಪ್ಪನೆಂಬವನು ಗುಂಡು ತಗಲಿದರೂ ಬೀಳಲು ಒಪ್ಪಲಿಲ್ಲ. ಎರೆಮಣ್ಣಿನ ಮೇಲಾದರೆ ಬಿದ್ದೇನು, ಈ ಕಲ್ಲಿನ ಮೇಲೆ ಬೀಳುವುದು ತನ್ನ ಕೆಲಸವಲ್ಲ ಎಂದು ನಿಂತೇ ಇದ್ದ. ಕೊನೆಗೆ ಕೇದಾರಿ ಅವನನ್ನು ಗಾಯವಾಗದ ಸಿಪಾಯಿಯನ್ನಾಗಿ ಮಾಡಿದ.

ಈ ತಮಾಷೆಯನ್ನೇ ಇನ್ನೂ ಎರಡು ಪುಟ ಎಳೆಯುವವನಿದ್ದೆ.

"ಸಾಕ ಮಾಡಪಾ," ಎಂದಿತು ಒಂದು ಧ್ವನಿ.

೩

ಗೌರವ್ವ. ಮಮದಾಪುರದವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ತಾನೇ ನಿಂತು ಹೊಲ ಮಾಡಿಸುತ್ತಾಳೆ. ಇವಳನ್ನು ನಾನು ಕರೆದಿರಲಿಲ್ಲ. ನನ್ನ ಡ್ರಾಫ್ಟಿನಲ್ಲಿ ಇವಳು ಗುಂಪಿನಲ್ಲಿ ಕೊಡ ಹೊತ್ತು ನಿಲ್ಲುವ ಹೆಂಗಸು. ಮಾತಿಲ್ಲ, ಹೆಸರಿಲ್ಲ.

"ನಾ ಕೊಡಾ ಹೊತ್ತು ನಿಂದರಾಕ ಬಂದಿಲ್ಲ, ತಮ್ಮಾ," ಎಂದಳು. "ನನ್ನ ಮಗನ ಕೆಲಸ ಐತಿ. ಆ ಸಾಯೇಬ್ರ ಕಡೆ ಕರಕೊಂಡ ನಡಿ."

ಅವಳ ಮಗ ಲಕ್ಕಪ್ಪ. ಒಬ್ಬನೇ ಮಗ. ಎರಡನೇ ಮಹಾಯುದ್ಧ ನಡೆದಾಗ ಬೆಳಗಾವಿಯಲ್ಲಿ ಭರ್ತಿಯಾಗಿ ಸಮುದ್ರ ದಾಟಿದವನು. ಸಿಂಗಾಪುರ ಜಪಾನಿನವರ ಕೈಗೆ ಹೋದ ಮೇಲೆ ಅವನ ಸುದ್ದಿ ನಿಂತಿತು. ಸರಕಾರ ಪತ್ತೆಯಿಲ್ಲ ಎಂದು ಹೇಳಿ ಕೈ ತೊಳೆದುಕೊಂಡಿತು. ಈಗ ಯುದ್ಧ ಮುಗಿದು ಜಪಾನಿನವರ ಸೆರೆಯಲ್ಲಿದ್ದ ಕೈದಿಗಳೆಲ್ಲ ತಿರುಗಿ ಬರುತ್ತಿದ್ದರು. ಹುಕ್ಕೇರಿ ಕಡೆಯ ಇಬ್ಬರು ಎಲುಬು ಚರ್ಮವಾಗಿ ಬಂದಿದ್ದರು. ಲಕ್ಕಪ್ಪನನ್ನು ನೋಡಿಲ್ಲ ಎಂದರು, ಸತ್ತದ್ದನ್ನೂ ನೋಡಿಲ್ಲ ಎಂದರು. ಆ ಎರಡನೇ ಮಾತನ್ನು ಗೌರವ್ವ ಊರೆಲ್ಲ ಹೇಳಿಕೊಂಡು ಬಂದಳು.

ಕರೆದುಕೊಂಡು ಹೋದೆ. (ಪಾತ್ರ ಹೇಳಿದರೆ ಲೇಖಕ ಎದ್ದು ಹೋಗುವುದೇ ಎಂದು ನೀವು ನಗಬಹುದು. ನೀವು ಗೌರವ್ವನನ್ನು ನೋಡಿಲ್ಲ.) ಕೇದಾರಿ ಈಚಲ ಗಿಡದ ನೆರಳಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಪಕ್ಕದಲ್ಲಿ ದುಂಡಪ್ಪ ಮಾಸ್ತರರು ತಮ್ಮ ಪುಸ್ತಕದ ಮಾತೊಂದು ಬದಲಾದರೂ ಎದ್ದು ಹೋಗುವ ತಯಾರಿಯಲ್ಲಿ, ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಸಾಯೇಬ್ರ," ಎಂದಳು ಗೌರವ್ವ, "ನಿಮ್ಮ ಸಿನಿಮಾದಾಗ ಆ ದಂಡಿಗೆ ಹೋದ ಹುಡುಗನ ಹೆಸರು ಲಕ್ಕಪ್ಪ ಅಂತ ಇಡ್ರಿ. ಇಟ್ಟು ಅಂವನ್ನ ಸಾಯಸ್ರಿ."

ಕೇದಾರಿಯ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಮಾಸ್ತರರು ನನ್ನ ಮುಖ ನೋಡಿದರು. ನನಗೂ ಆಗ ಏನೂ ಗೊತ್ತಿರಲಿಲ್ಲ. ತಾಯಿಯೊಬ್ಬಳು ಇಂಥ ಮಾತು ಏಕೆ ಆಡಿದಳು ಎಂದು ಮುಂದಿನ ಪ್ಯಾರಾ ಬರೆಯುವಾಗಲೇ ತಿಳಿದದ್ದು.

೪ (ಇದನ್ನು ತಪ್ಪಿಸಿ ಮುಂದೆ ಹೋಗಬೇಡಿ, ಆಮೇಲೆ ನನ್ನನ್ನು ಬಯ್ಯುತ್ತೀರಿ)

ನಮ್ಮ ಕಡೆ ಕಾಗೆ ಬಂದು ತಲೆಗೆ ಬಡಿದರೆ ಅದು ಒಳ್ಳೆಯದಲ್ಲ. ಸಾವು ಆ ಮನುಷ್ಯನ ಗುರುತು ಹಿಡಿಯಿತು ಎಂದು ಅರ್ಥ. ಅದಕ್ಕೊಂದು ಪರಿಹಾರ ಉಂಟು. ಪರವೂರಿನಲ್ಲಿರುವ ಹತ್ತಿರದವರಿಗೆ 'ಇಂಥವನು ಹೋದ' ಎಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಬೇಕು, ನಂಬಿ ಎದೆ ಬಡಿದುಕೊಂಡು ಅಳಬೇಕು. ಅವರು ಅತ್ತರೆ ಸಾವಿನ ಲೆಕ್ಕ ತೀರಿತು, ಅದು ತನ್ನ ದಾರಿ ಹಿಡಿಯುತ್ತದೆ. ಆಮೇಲೆ ಎರಡನೇ ಸುದ್ದಿ ಹೇಳಬೇಕು: 'ಬದುಕಿದ್ದಾನೆ, ಕಾಗೆ ಮುಟ್ಟಿತ್ತು, ಅಷ್ಟೇ.' ಅಳುತ್ತ ಓಡಿ ಬಂದವರು ಬಾಗಿಲ ಹಿಂದೆ ಹಲ್ಲು ಕಿರಿಯುತ್ತ ನಿಂತವನನ್ನು ನೋಡಿ, ನಾಲ್ಕು ಬೈದು, ಹೋಳಿಗೆ ಉಂಡು ಊರಿಗೆ ಹೋಗುತ್ತಾರೆ.

ಸುಳ್ಳು ಕಥೆ ಕಟ್ಟಿ ಜೀವ ಉಳಿಸಬಹುದೆಂದು ನಂಬಿದ ಜನ ಇವರು. ಇಂಥ ಓದುಗರು ನನಗೆ ಸಿಕ್ಕಿದ್ದರೆ ಇನ್ನೂ ನಾಲ್ಕು ಪುಸ್ತಕ ಬರೆಯುತ್ತಿದ್ದೆ.

ಗೌರವ್ವನದು ಶಕುನ ನಂಬಬಾರದೆಂಬ ಶರಣರ ದಾರಿಯ ಮನೆತನ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಅಪಶಕುನ ಎನ್ನುವ ಹೆಂಗಸು. ಆದರೆ ಲಕ್ಕಪ್ಪ ಹೊರಟ ಬೆಳಿಗ್ಗೆ, ಅಂಗಳದಲ್ಲಿ ಅವನು ಪಟಕಾ ಸುತ್ತಿಕೊಳ್ಳುವಾಗ, ಕಾಗೆಯೊಂದು ಬಂದು ತಲೆಗೆ ಬಡಿಯಿತು. ಮೂಡಲಗಿಯಲ್ಲಿರುವ ತನ್ನ ತಂಗಿ ಕಾಶೆವ್ವನಿಗೆ ಸುದ್ದಿ ಕಳಿಸುವವರೆಗೆ ಇರು, ನಾಳೆ ಹೋಗು ಎಂದಳು. ಲಕ್ಕಪ್ಪ ನಕ್ಕ. ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಗಾಡಿ ತಪ್ಪುತ್ತದೆ ಎಂದು ಹೊರಟೇಬಿಟ್ಟ. ಅವನು ಹೋದ ಮೇಲಾದರೂ ಕಳಿಸಬಹುದಿತ್ತು. ನಂಬುವವಳಲ್ಲ ಎಂಬ ಹೆಮ್ಮೆಯಿಂದ ಗೌರವ್ವ ಕಳಿಸಲಿಲ್ಲ. ಅವನ ಸುದ್ದಿ ನಿಂತ ದಿನದಿಂದ ಆ ಹೆಮ್ಮೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಈಗ ಸಿನಿಮಾ ಬಂದಿದೆ. ದೊಡ್ಡ ಪರದೆಯ ಮೇಲೆ 'ಲಕ್ಕಪ್ಪ ಹೋದ' ಎಂದರೆ ಒಬ್ಬ ಕಾಶೆವ್ವ ಏಕೆ, ಗೋಕಾಕ, ಹುಕ್ಕೇರಿ, ಬೆಳಗಾವಿ ಎಲ್ಲ ಅಳುತ್ತವೆ. ತಡವಾಗಿ ಕೊಡುವುದಾದರೆ ಬಡ್ಡಿ ಸಮೇತ ಕೊಡೋಣ ಎಂಬುದು ಅವಳ ಲೆಕ್ಕ.

೫

ಕೇದಾರಿ ಎದ್ದು ನಿಂತು ಕೈ ಮುಗಿದ. "ಯವ್ವಾ, ಲಡಾಯಿ ಈಗರೆ ಮುಗದೈತಿ. ಸತ್ತಾವ್ರು ರಗಡ ಅದಾರ. ನನ್ನ ಕೈಲೆ ಇನ್ನೊಬ್ಬ ಸಾಯೂದು ಬ್ಯಾಡ."

ಮಾಸ್ತರರಿಗೆ ಕಾದಂಬರಿಯ ಕ್ಲೈಮ್ಯಾಕ್ಸ್ ಬದಲಾಗಿರುವುದು ಗೊತ್ತಾದದ್ದು ಆಗಲೇ. ಕೇದಾರಿ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಹೇಳಿದ: ಸಿನಿಮಾದಲ್ಲಿ ಹುಡುಗ ಸತ್ತ ಸುದ್ದಿ ಊರಿಗೆ ಬರುತ್ತದೆ, ಹೆಂಗಸರೆಲ್ಲ ಅಳುತ್ತಾರೆ, ಆದರೆ ಸುದ್ದಿ ಸುಳ್ಳಾಗಿರುತ್ತದೆ, ಕೊನೆಯ ಸೀನಿನಲ್ಲಿ ಹುಡುಗ ಹೇಸರಗತ್ತೆಯ ಮೇಲೆ ಕೂತು ಊರಿಗೆ ಬರುತ್ತಾನೆ. ಬಸ್ರಾದಿಂದ ಘಟಪ್ರಭೆಯವರೆಗೆ ಹೇಸರಗತ್ತೆಯ ಮೇಲೆ ಹೇಗೆ ಬರುತ್ತಾನೆ ಎಂದು ಮಾಸ್ತರರು ಕೇಳಿದರು. ಮಂದಿ ಅದನ್ನು ಕೇಳುವುದಿಲ್ಲ ಎಂದ ಕೇದಾರಿ.

ಗೌರವ್ವನ ಮುಖ ಅರಳಿದ್ದನ್ನು ನಾನೊಬ್ಬನೇ ನೋಡಿದೆ. ಮೊದಲು ಸತ್ತ ಸುದ್ದಿ, ನಡುವೆ ಅಳು, ಆಮೇಲೆ ಬದುಕಿದ ಸುದ್ದಿ. ಕೊಲ್ಲಾಪುರದ ಡೈರೆಕ್ಟರ್ ತನಗೆ ಗೊತ್ತಿಲ್ಲದೆಯೇ ಕಾಗೆಯ ಪರಿಹಾರವನ್ನು ಕ್ರಮ ತಪ್ಪದೆ ಬರೆದಿಟ್ಟಿದ್ದ. ಅವಳು ಮರುಮಾತಾಡದೆ ಒಪ್ಪಿದಳು. ಹೆಸರೊಂದು ಬದಲಾದರೆ ಸಾಕು ಎಂದಳು.

ಒಪ್ಪದವರು ದುಂಡಪ್ಪ ಮಾಸ್ತರರು. ಅವರು ನನ್ನನ್ನು ಈಚಲ ಗಿಡದ ಆಚೆ ಕರೆದುಕೊಂಡು ಹೋಗಿ ತರಾಟೆಗೆ ತೆಗೆದುಕೊಂಡರು. "ಹುಡುಗರಿಗೆ ಸುಳ್ಳ ಹೇಳಬಾರದಂತ ನಾ ಬರದದ್ದು. ಲಡಾಯಿಗೆ ಹೋದ ಹಣಮಂತ ಬರಲಿಲ್ಲ. ನೀವಿಬ್ರೂ ಕೂಡಿ ಅಂವನ್ನ ಹ್ಯಾಸರಗತ್ತಿ ಮ್ಯಾಲ ಕುಂಡ್ರಿಸಿ ಕರಕೊಂಡ ಬರಾಕತ್ತೀರಿ."

ನನ್ನ ಕೈವಾಡವಿಲ್ಲ, ಕೇದಾರಿಯದು ಎಂದೆ. ಕೇದಾರಿಯನ್ನು ಬರೆದವರು ಯಾರು ಎಂದು ಕೇಳಿದರು. (ಅದಕ್ಕೆ ಉತ್ತರ ಗೊತ್ತಿದ್ದರೆ ಈ ಕಥೆ ಇನ್ನೂ ಬೇಗ ಮುಗಿಯುತ್ತಿತ್ತು.) ಸಿಟ್ಟಿನಲ್ಲಿ ಹುಕ್ಕೇರಿಯ ಮೋಟಾರು ಹಿಡಿಯಲು ಹೊರಟವರು, ದಾರಿಯಲ್ಲಿ ಗೌರವ್ವ ಕೂತಿದ್ದನ್ನು ನೋಡಿ ನಿಂತರು. ಅವಳು ಸಿಪಾಯಿ ಪಾತ್ರದ ಹುಡುಗನೊಬ್ಬನ ಅಂಗಿಯ ಗುಂಡಿ ಹಚ್ಚಿಕೊಡುತ್ತಿದ್ದಳು. ಆ ಹುಡುಗನಿಗೆ ನಿಮ್ಮೂರು ಯಾವುದು, ಅವ್ವ ಏನು ಮಾಡುತ್ತಾಳೆ ಎಂದೆಲ್ಲ ಕೇಳುತ್ತಿದ್ದಳು. ಮಾಸ್ತರರು ಬಂದ ದಾರಿಯಲ್ಲೇ ತಿರುಗಿದರು.

ಆಮೇಲೆ ಕೇದಾರಿಯ ಕಡೆ ಹೋಗಿ, "ನಮ್ಮ ಹಣಮಂತ ಸತ್ತು ಎಷ್ಟೋ ವರ್ಷಾತು," ಎಂದರು. "ಅಂವಗ ಹೆಸರಿಂದೇನ ಅವಸರಿಲ್ಲ. ಆಕಿಗೆ ಐತಿ. ಲಕ್ಕಪ್ಪ ಅಂತ ಇಟ್ಟುಬಿಡ್ರಿ."

ಗೆಳೆಯನ ಹೆಸರು ಉಳಿಯಲಿ ಎಂದೇ ಪುಸ್ತಕ ಬರೆದ ಮನುಷ್ಯ ಆತ. ಸಿಟ್ಟಿನ ಮಾಸ್ತರರನ್ನು ನಗೆಪಾಟಲು ಮಾಡಬೇಕೆಂದು ಈ ಕಥೆಗೆ ಕರೆತಂದಿದ್ದೆ. ಈಗ ಅವರ ಮೇಲೆ ನನಗೆ ಪ್ರೀತಿ ಬಂದಿದೆ. ಏನು ಮಾಡಲಿ?

೬

ಹೆಸರಾಯಿತು, ಸುದ್ದಿಯಾಯಿತು. ಅಳು ಉಳಿಯಿತು.

ಅಳುವ ಸೀನನ್ನು ಗೌರವ್ವನ ಮನೆಯ ಅಂಗಳದಲ್ಲೇ ತೆಗೆಯಬೇಕೆಂದು ತೀರ್ಮಾನವಾಯಿತು. ತಾಯಿಯ ಪಾತ್ರಕ್ಕೆ ನಾಟಕದ ಕಂಪನಿಯ ನಟಿಯೊಬ್ಬಳು ಬಂದಿದ್ದಳು, ಸುತ್ತ ಕೂರಲು ಓಣಿಯ ಹೆಂಗಸರು. ಮೊದಲ ದಿನ ಕೇದಾರಿ 'ಅಳ್ರಿ' ಎಂದ ಕೂಡಲೇ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಉದ್ದವ್ವ ಎಂಬ ಮುದುಕಿಯಂತೂ ಕ್ಯಾಮೆರಾಕ್ಕೆ ಕೈ ಮುಗಿದಳು. ಕೊನೆಗೆ ಉಳ್ಳಾಗಡ್ಡಿ ಹೆಚ್ಚಿ ಕಣ್ಣಿಗೆ ಹಿಡಿದರು. ನೀರು ಬಂತು. ಕೇದಾರಿ ತೃಪ್ತನಾದ.

ಗೌರವ್ವ ಆಗಲಿಲ್ಲ. ಉಳ್ಳಾಗಡ್ಡಿಯ ನೀರು ಕಾಗೆಗೆ ಸಲ್ಲುವುದಿಲ್ಲ. ಅಳುವವರು ನಂಬಿರಬೇಕು. ಇಲ್ಲಿ ಕೂತವರಿಗೆಲ್ಲ ಇದು ಸಿನಿಮಾ ಎಂದು ಗೊತ್ತು. ತಾನೇ ಅತ್ತರೂ ನಡೆಯುವುದಿಲ್ಲ, ಸುದ್ದಿ ಕಳಿಸಿದವರು ಅಳುವಂತಿಲ್ಲ. ಹಾಗೆ ನೋಡಿದರೆ ಸಿಂಗಾಪುರ ಬಿದ್ದ ದಿನದಿಂದ ಇವತ್ತಿನವರೆಗೆ ಗೌರವ್ವ ಅತ್ತದ್ದನ್ನು ಯಾರೂ ನೋಡಿಲ್ಲ. ಅತ್ತರೆ ಅವನು ಹೋದ ಎಂದು ಒಪ್ಪಿದ ಹಾಗಾಗುತ್ತದೆ ಎಂದು ಅವಳಿಗೆ ಭಯ.

"ಕಾಶಿ ಬರಬೇಕು," ಎಂದಳು ನನಗೆ. "ಆಕಿ ನಂಬಿ ಅಳತಾಳ."

ಕಾಶೆವ್ವನ ಅಳು ಮೂಡಲಗಿಯಲ್ಲಿ ಹೆಸರುವಾಸಿ. ಸಾವಿನ ಮನೆಗೆ ಅವಳು ಊರ ಅಗಸೆಬಾಗಿಲಿನಿಂದಲೇ ಹಾಡ್ಯಾಡಿ ಅಳುತ್ತ ಬಂದರೆ, ಸತ್ತವನ ಜ್ಞಾತಿಗಳಲ್ಲಿ ಜಗಳಾಡಿ ದೂರವಾದವರೂ ಬಂದು ಹೆಗಲು ಕೊಡುತ್ತಿದ್ದರು. ಮಕ್ಕಳಿಲ್ಲದವಳು. ಲಕ್ಕಪ್ಪ ಅಂಬೆಗಾಲಿಟ್ಟದ್ದು, ಮೊದಲ ಮಾತಾಡಿದ್ದು ಎಲ್ಲ ಅವಳ ಮನೆಯಲ್ಲಿ.

ಕಂಪನಿಯ ಸಾಮಾನು ಹೊರುವ ಚಕ್ಕಡಿಯ ಕರೆಪ್ಪನಿಗೆ ಗೌರವ್ವ ಸುದ್ದಿ ಒಪ್ಪಿಸಿದಳು. ಲಕ್ಕಪ್ಪ ಹೋದನಂತೆ ಎಂದು ಹೇಳಿ ಕಾಶೆವ್ವನನ್ನು ಕರೆದುಕೊಂಡು ಬಾ. ಕರೆಪ್ಪ ಎತ್ತಿನ ಹಗ್ಗ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಕಾಗೆಯ ಸುದ್ದಿ ಒಯ್ಯುವುದು ಅವನಿಗೆ ಹೊಸದಲ್ಲ. ಆದರೆ ಆಗೆಲ್ಲ ಕಾಗೆ ಮುಟ್ಟಿದವನು ಚಕ್ಕಡಿಯ ಪಕ್ಕದಲ್ಲೇ ನಿಂತು 'ಜೋರಾಗಿ ಅಳಸೋ' ಎಂದು ಕೀಟಲೆ ಮಾಡುತ್ತಿದ್ದ. ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನು ಚಕ್ಕಡಿ ಹೂಡಿದ.

ಅವನು ಹೋಗಿ ಬರುವಷ್ಟರಲ್ಲಿ ನಾನು ಕಾಶೆವ್ವನ ಅಳುವನ್ನು ಬರೆದಿಡೋಣ ಎಂದುಕೊಂಡೆ. ಒಂದು ಡ್ರಾಫ್ಟಿನಲ್ಲಿ ಹಾಡಿ ಅಳುತ್ತಾಳೆ. ಇನ್ನೊಂದರಲ್ಲಿ ಎಚ್ಚರ ತಪ್ಪುತ್ತಾಳೆ. ಮೂರನೆಯದರಲ್ಲಿ ಕ್ಯಾಮೆರಾವನ್ನೇ ಕಿತ್ತೆಸೆಯುತ್ತಾಳೆ. ಮೂರನೆಯದು ನನಗೆ ಬಹಳ ಸೇರಿತ್ತು. ಮೂರನ್ನೂ ಹರಿದು ಹಾಕಬೇಕಾಯಿತು, ಏಕೆಂದರೆ ಕಾಶೆವ್ವ ಬಂದಳು.

೭

ಮಧ್ಯಾಹ್ನ. ಬೆಳ್ಳಿಹಾಳೆ ಹಚ್ಚಿದ ಹಲಗೆಗಳಿಂದ ಬಿಸಿಲು ಅಂಗಳಕ್ಕೆ ಬೀಳುತ್ತಿತ್ತು. ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ಕಿವಿ ಅಗಸೆಯ ಕಡೆ. ಕೇದಾರಿ ಕ್ಯಾಮೆರಾದವನಿಗೆ ತಯಾರಿರಲು ಸನ್ನೆ ಮಾಡಿದ. ಚಕ್ಕಡಿಯ ಸದ್ದು ಬಂತು. ಅಳುವಿನ ಸದ್ದು ಬರಲಿಲ್ಲ.

ಕಾಶೆವ್ವ ಸುಮ್ಮನೆ ಇಳಿದಳು. ಅಂಗಳದ ತುಂಬ ಮಂದಿ, ಹಲಗೆ, ಕಾಲಿನ ಮೇಲೆ ನಿಂತ ಕರಿ ಪೆಟ್ಟಿಗೆ, ತನ್ನ ಅಕ್ಕನ ಹಾಗೆ ಸೀರೆ ಉಟ್ಟ ಯಾವಳೋ ಒಬ್ಬಳು. ಒಂದನ್ನೂ ಕೇಳಲಿಲ್ಲ. ಗೌರವ್ವನ ಮುಂದೆ ಬಂದು ಕೂತು ಅವಳ ಎರಡೂ ಕೈ ಹಿಡಿದುಕೊಂಡಳು.

ಗೌರವ್ವ ಕಾದಳು. ಆಮೇಲೆ ಸಣ್ಣ ಧ್ವನಿಯಲ್ಲಿ, "ಅಳವಾ, ಕಾಶಿ," ಎಂದಳು.

"ನನಗ ಅಳು ಬರವಲ್ದು, ಅಕ್ಕಾ. ಮುಗದೈತಿ."

ಏನು ಮುಗಿದಿದೆ ಎಂದು ಗೌರವ್ವನಿಗೆ ತಿಳಿಯಲಿಲ್ಲ. ಕಾಶೆವ್ವ ಅಕ್ಕನ ಮುಖ ನೋಡದೆ, ಹಿಡಿದ ಕೈಗಳಿಗೆ ಹೇಳುವ ಹಾಗೆ ಹೇಳಿದಳು.

"ಸಿಂಗಾಪುರ ಹೋತಂತ ನಮ್ಮೂರ ಸಂತ್ಯಾಗ ಮಂದಿ ಮಾತಾಡಿದ್ರಲ್ಲ, ಅವತ್ತ ನಾ ತಿಳಕೊಂಡೆ, ಲಕ್ಕ ಹ್ವಾದ ಅಂತ. ಬಣವಿ ಹಿಂದ ಕುಂತು ಅತ್ತೇನಿ. ವರ್ಷಾ ವರ್ಷಾ ಅವನ ಹೆಸರ್ಲೆ ಜಂಗಮರನ್ನ ಕರಸಿ ಉಣಸೇನಿ. ನಿನ್ನ ಕಡೆ ಬರಬೇಕಾದ್ರ ಮಾರಿ ತೊಳಕೊಂಡು, ನಕ್ಕೋಂತ ಬರತಿದ್ದೆ."

ಗೌರವ್ವ ಕೈ ಬಿಡಿಸಿಕೊಂಡಳು. "ನನ್ನ ಮಗನ್ನ ನನಗ ಹೇಳದ ಮಣ್ಣ ಮಾಡಿದೆಲ್ಲ."

ಉಳ್ಳಾಗಡ್ಡಿ ಹಿಡಿದು ಕೂತ ಹೆಂಗಸರು ಉಳ್ಳಾಗಡ್ಡಿ ಕೆಳಗಿಟ್ಟರು. ಕಾಶೆವ್ವ, ಈಗ ಸುದ್ದಿ ತಂದವರು ಯಾರು, ಸರಕಾರದವರೇ ಎಂದು ಕೇಳಿದಳು.

ಎರಡನೇ ಸುದ್ದಿ ಹೇಳಬೇಕಾದ ಹೊತ್ತು ಅದು. ಗೌರವ್ವ ಬಾಯಿ ತೆರೆದಳು. "ಕಾಗಿ ಮುಟ್ಟಿತ್ತು," ಎಂದಳು. ಅಷ್ಟು ಸಲೀಸಾಗಿ ಬಂತು. 'ಬದುಕ್ಯಾನ' ಎಂಬ ಮಾತು ಬರಲಿಲ್ಲ. ಎಲ್ಲರ ಮನೆಯಲ್ಲೂ ಆ ಮಾತು ಹೇಳುವಾಗ ಆ ಮನುಷ್ಯ ಬಾಗಿಲ ಹಿಂದೆ ಇರುತ್ತಾನೆ. ಗೌರವ್ವ ಬಾಗಿಲ ಕಡೆ ನೋಡಿದಳು. ನಾವೆಲ್ಲರೂ ನೋಡಿದೆವು. ಬಾಗಿಲ ಹಿಂದೆ ಕಂಪನಿಯ ಸಾಮಾನಿನ ಪೆಟ್ಟಿಗೆಗಳಿದ್ದವು.

"ಯಾವಾಗ ಮುಟ್ಟಿತ್ತು?" ಎಂದಳು ಕಾಶೆವ್ವ.

"ಅಂವ ದಂಡಿಗೆ ಹೋದ ದಿನ."

"ನನಗ ಸುದ್ದಿ ಕಳಸಲಿಲ್ಲ?"

ಗೌರವ್ವ ತಲೆ ಅಲ್ಲಾಡಿಸಿದಳು.

ಕಾಶೆವ್ವನ ಮುಖದಲ್ಲಿ ಏನೋ ಆಗುತ್ತಿತ್ತು. ಅದನ್ನು ವರ್ಣಿಸಲು ಬಂದರೆ ನಾನು ದೊಡ್ಡ ಲೇಖಕನಾಗುತ್ತಿದ್ದೆ. ಇಷ್ಟು ವರ್ಷ ಮುಚ್ಚಿಟ್ಟ ಮನೆಯೊಂದರಲ್ಲಿ ಯಾರೋ ಕಿಟಕಿ ತೆಗೆದ ಹಾಗೆ ಇತ್ತು ಎನ್ನಬಹುದು. ಅವಳು ನಿಧಾನವಾಗಿ, ತನಗೆ ತಾನೇ ಕೇಳಿಕೊಳ್ಳುವ ಹಾಗೆ ಮಾತಾಡಿದಳು.

"ಹಂಗಾದ್ರ ನಾ ಅತ್ತದ್ದು? ಖರೆ ಅಂತ ನಂಬಿ ಅತ್ತೇನಲ್ಲ. ನೀ ಕಳಸಲಿಲ್ಲ ಅಂದ್ರೇನಾತು, ಸುದ್ದಿ ನನಗ ಮುಟ್ಟೇತಿ. ಕಾಗಿಗೆ ಮತ್ತೇನ ಬೇಕಿತ್ತು?"

ಇಲ್ಲಿ ನಾನು ಕಥೆಯನ್ನು ತಡೆಯುತ್ತೇನೆ.

ತಡೆದ ಕಾರಣ

ಹೆದರಿಕೆ. ಇಂಥ ಕಡೆ ಬಂದು ನಿಂತಾಗ ಲೇಖಕ ಏನಾದರೂ ಕೊಡಬೇಕು. ಕೊಡಲು ನನ್ನ ಬಳಿ ಮೂರು ಮುಕ್ತಾಯಗಳಿವೆ. ಮೂರನ್ನೂ ಗೌರವ್ವನ ಮುಂದೆ ಇಟ್ಟೆ.

ಅ) ಅದೇ ವರ್ಷ ಬೇಸಿಗೆಯಲ್ಲಿ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಒಬ್ಬ ಬಡಕಲು ಸಿಪಾಯಿ ಇಳಿಯುತ್ತಾನೆ. ಕೈಯಲ್ಲಿ ತಗಡಿನ ಟ್ರಂಕು. ಚಕ್ಕಡಿಯ ಕರೆಪ್ಪ ಮೊದಲು ಗುರುತು ಹಿಡಿಯುವುದಿಲ್ಲ. ಆಮೇಲೆ ಹಿಡಿಯುತ್ತಾನೆ.

(ಕೇದಾರಿ ಇದಕ್ಕೆ ಚಪ್ಪಾಳೆ ತಟ್ಟಿದ. ಗೌರವ್ವ, "ನೀ ನೋಡೀಯೇನ, ತಮ್ಮಾ?" ಎಂದಳು. ಇಲ್ಲ ಎಂದೆ. "ನೋಡದ ಯಾಕ ಹೇಳ್ತಿ?" ಎಂದಳು.)

ಆ) ಸರಕಾರದಿಂದ ಸುದ್ದಿ ಬರುತ್ತದೆ. ಮಲಾಯಾದ ಯಾವುದೋ ಕಾಡಿನಲ್ಲಿ, ಬಹಳ ಹಿಂದೆಯೇ ಅವನು...

(ಇದನ್ನು ಓದಿ ಮುಗಿಸಲೂ ಇಲ್ಲ. ದುಂಡಪ್ಪ ಮಾಸ್ತರರು ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು. ಹುಡುಗರಿಗೆ ಸುಳ್ಳು ಹೇಳಬಾರದು ಎಂದವರು ಇವರೇ.)

ಇ) ಲೇಖಕ ಮಮದಾಪುರಕ್ಕೆ ಹೋಗಿ ವಿಚಾರಿಸುತ್ತಾನೆ. ಆ ಮನೆ, ಆ ಮನೆತನ ಯಾವುದೆಂದು ಯಾರಿಗೂ ಗೊತ್ತಿಲ್ಲ. ಏಕೆಂದರೆ ಎಲ್ಲವನ್ನೂ ಕಟ್ಟಿದವನು ಅವನೇ.

(ಇದು ಜಾಣ ಮುಕ್ತಾಯ. ನಮ್ಮ ಬಳಗದಲ್ಲಿ ಒಳ್ಳೆಯ ಹೆಸರು ತರುವಂಥದ್ದು. ಗೌರವ್ವ ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಗಿ ನಾನೇ ಅಳಿಸಿದೆ.)

"ನೀ ಸುಮ್ನ ಕುಂದ್ರು," ಎಂದಳು ಅವಳು, ಬೈಯುವ ಧ್ವನಿಯಲ್ಲಲ್ಲ. "ಕಾಶಿ ಏನೋ ಹೇಳಾಕತ್ತಾಳ."

೭, ಮುಂದುವರಿದದ್ದು

ಮೊದಲ ಸುದ್ದಿ ಕಳಿಸಿದವರೇ ಎರಡನೇ ಸುದ್ದಿಯನ್ನೂ ಹೇಳಬೇಕು, ಅತ್ತವರು ಕೇಳಬೇಕು. ಕ್ರಮ ಹಾಗೆ. ಆ ಮಧ್ಯಾಹ್ನ ಮಮದಾಪುರದಲ್ಲಿ ಕ್ರಮ ತಪ್ಪಿತು. ಕಾಶೆವ್ವ ಅಕ್ಕನ ಕೈಗಳನ್ನು ಮತ್ತೆ ಹಿಡಿದುಕೊಂಡಳು. ದೂರದ ಊರಿನಿಂದ ಅಳುತ್ತ ಓಡಿ ಬಂದವರಿಗೆ ಹೇಳುವ ಹಾಗೆ, ಅದೇ ಧ್ವನಿಯಲ್ಲಿ, ಅದೇ ಅವಸರದಲ್ಲಿ ಹೇಳಿದಳು.

"ಅಕ್ಕಾ, ಲಕ್ಕ ಬದುಕ್ಯಾನ. ಕಾಗಿ ಮುಟ್ಟಿತ್ತು, ಅಷ್ಟ."

ಗೌರವ್ವ ಅವಳನ್ನು ನೋಡಿದಳು. ನಿಜವೇ ಎಂದು ಕೇಳಲಿಲ್ಲ. ಅವಳ ಗಂಟಲಿನಿಂದ ಮೊದಲು ಒಂದು ಸಣ್ಣ ಸದ್ದು ಬಂತು, ಆಮೇಲೆ ದೊಡ್ಡದು. ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಅಳತೊಡಗಿದಳು. ಸಿಂಗಾಪುರ ಬಿದ್ದ ಮೇಲೆ ಮೊದಲ ಸಲ. ಓಣಿಯ ಹೆಂಗಸರು ಹತ್ತಿರ ಸರಿದು ಕೂತರು. ಉದ್ದವ್ವ ಮುದುಕಿ ಅವಳ ಪಾದ ಒತ್ತುತ್ತಿದ್ದಳು.

ಕ್ಯಾಮೆರಾ ತಿರುಗುತ್ತಿತ್ತೇ ಎಂದು ಕೇಳುತ್ತೀರಿ. ಕೇದಾರಿ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದ. ಶುರು ಮಾಡು ಎಂದೂ ಹೇಳಿರಲಿಲ್ಲ, ನಿಲ್ಲಿಸು ಎಂದೂ ಹೇಳಿರಲಿಲ್ಲ. ಕ್ಯಾಮೆರಾದವನು ಏನು ಮಾಡಿದನೋ ನನಗೆ ಗೊತ್ತಿಲ್ಲ. ಅವಳು ಅಳುವುದು ಸಂತೋಷಕ್ಕೋ ದುಃಖಕ್ಕೋ ಎಂದು ಮಾಸ್ತರರು ನನ್ನ ಕಿವಿಯಲ್ಲಿ ಕೇಳಿದರು. ಅದೂ ನನಗೆ ಗೊತ್ತಿಲ್ಲ.

ಲಕ್ಕಪ್ಪ ಬಂದನೇ ಎಂಬ ಪ್ರಶ್ನೆ ನಿಮ್ಮ ನಾಲಿಗೆಯ ತುದಿಯಲ್ಲಿದೆ. ಇವತ್ತು ಬೇಡ. ನಿಮಗೆ ಕೈ ಮುಗಿಯುತ್ತೇನೆ, ಜೋರಾಗಿ ಕೇಳಬೇಡಿ, ಅವಳಿಗೆ ಕೇಳಿಸುತ್ತದೆ. ಕಾಶೆವ್ವ ಅವಳ ಬೆನ್ನು ಸವರುತ್ತಿದ್ದಾಳೆ. 'ಬದುಕ್ಯಾನ, ಬದುಕ್ಯಾನ' ಎನ್ನುತ್ತಿದ್ದಾಳೆ. ಇನ್ನೂ ಬಹಳ ಅಳು ಬಾಕಿಯಿದೆ, ಬೇಗ ಮುಗಿಯುವ ಹಾಗೆ ಕಾಣುವುದಿಲ್ಲ. ಅದು ಮುಗಿಯುವವರೆಗೆ ನಾನು ಇಲ್ಲಿಂದ ಏಳುವವನಲ್ಲ. ನಿಮಗೆ ಕೆಲಸವಿದ್ದರೆ ನೀವು ಹೋಗಿ ಬನ್ನಿ.